ಹೊರೆಯ ಮೇಲೆ ಹೊರೆ

ಧಾರವಾಡದಲ್ಲಿ 2016ರಲ್ಲಿ ಐ.ಐ.ಟಿ. ಆರಂಭವಾದಂದಿನಿಂದ ನಮ್ಮ ಭಕ್ತರ ಮನೆಗಳಲ್ಲಿ ಈ ಆಸೆ ಬಲಿತಿದೆ. 2025ರ ಬೇಸಿಗೆಯಲ್ಲಿ ಒಬ್ಬರು ಮಗನನ್ನು ಮಠಕ್ಕೆ ಕರೆತಂದರು. ಪ್ರವೇಶ ಪರೀಕ್ಷೆಗೆ ಇರುವುದು ಎರಡೇ ಅವಕಾಶ, ಅವನದು ಎರಡನೆಯದು. ಅಂತಿಮ ಹಂತಕ್ಕೆ ಅರ್ಹರಾಗುವವರು ಸುಮಾರು 2,50,000. ಸ್ಥಾನಗಳು ಸುಮಾರು 18,000.

"ಅಜ್ಜಾರ, ಇವಗ ಆಶೀರ್ವಾದ ಮಾಡ್ರಿ" ಎಂದರು ತಂದೆ. ಹುಡುಗನನ್ನು ಏನು ಕೇಳಿದರೂ ಉತ್ತರ ಅವರಿಂದಲೇ. ನಾವಾದರೂ ಸುಮ್ಮನಿರಬಾರದೆ? ವಿಭೂತಿ ಧರಿಸಿ, "ಮಠದ ಹೆಸರು ಉಳಿಸು" ಎಂದುಬಿಟ್ಟೆವು.

ಸ್ಥಾನ ದೊರೆಯಲಿಲ್ಲ. ನಮಗೆ ಮುಖ ತೋರಿಸಲು ಅವನಿಗೆ ನಾಚಿಕೆಯೆಂದು ತಾಯಿ ತಿಳಿಸಿದಾಗ ನಾವೇ ಅವರ ಮನೆಗೆ ಹೋದೆವು. ಫಲಿತಾಂಶದ ಮಾತೆತ್ತದೆ, ಅವನು ಬಿಚ್ಚಿ ಜೋಡಿಸುತ್ತಿದ್ದ ಹಳೆಯ ರೇಡಿಯೋ ಕುರಿತು ಕೇಳಿದೆವು. ತಂದೆ ಉತ್ತರಿಸಹೊರಟರು, ತಾಯಿ ಕಣ್ಸನ್ನೆಯಿಂದ ತಡೆದರು. ಹುಡುಗ ಅರ್ಧ ಗಂಟೆ ಮಾತನಾಡಿದ.