ಗೈರಾಂಗರ್ ಫ್ಯೋರ್ಡಿಗೆ ಹೋದುದು

ನಾರ್ವೆ ದೇಶದ ಪಡುವಣ ಕರಾವಳಿಯನ್ನು ಭೂಪಟದಲ್ಲಿ ನೋಡಿದರೆ ಇಲಿ ಕಡಿದ ಸೀರೆಯ ಅಂಚು ನೆನಪಿಗೆ ಬರುತ್ತದೆ. ಕಡಲು ಅಲ್ಲಲ್ಲಿ ನೆಲದೊಳಕ್ಕೆ ನುಗ್ಗಿ ಹತ್ತಾರು ಮೈಲಿಗಳವರೆಗೆ ಬೆಟ್ಟಗಳ ನಡುವೆ ಹರಡಿಕೊಂಡಿದೆ. ಇಂತಹ ಕಡಲಚಾಚನ್ನು ಆ ನಾಡಿನವರು ಫ್ಯೋರ್ಡ್ ಎನ್ನುತ್ತಾರೆ. ಕೊಲ್ಲಿಯೆಂದರೆ ಸಾಲದು, ಹಿನ್ನೀರೆಂದರೆ ಸರಿಹೋಗದು. ಆದುದರಿಂದ ನಾವೂ ಆ ಹೆಸರನ್ನೇ ಉಳಿಸಿಕೊಳ್ಳುತ್ತೇವೆ. ಹಿಮಯುಗಗಳಲ್ಲಿ ಒಳನಾಡಿನಿಂದ ಕಡಲಿನ ಕಡೆಗೆ ಸರಿದ ಹಿಮನದಿಗಳು ಈ ಕಣಿವೆಗಳನ್ನು ಕೊರೆದುವು. ಹಿಮವು ಕರಗಿದ ಮೇಲೆ ಕಡಲು ಒಳಹೊಕ್ಕಿತು. ದಡಗಳು ಗೋಡೆಯಂತೆ ನೆಟ್ಟಗೆ ನಿಂತಿರುವುದಕ್ಕೂ, ದಡದ ಬುಡದಲ್ಲಿಯೇ ನೀರು ಅತಿ ಆಳವಾಗಿರುವುದಕ್ಕೂ ಇದೇ ಕಾರಣ. ಅಲ್ಲಿಯ ಫ್ಯೋರ್ಡುಗಳಲ್ಲೆಲ್ಲ ದೊಡ್ಡದಾದ ಸೋಗ್ನ ಫ್ಯೋರ್ಡು ೨೦೪ ಕಿಲೋಮೀಟರು ಉದ್ದವಾಗಿದೆ. ಅದರ ಆಳ ೧೩೦೦ ಮೀಟರಿಗೂ ಮಿಕ್ಕಿದುದು. ನಾವು ನೋಡಿದ ಗೈರಾಂಗರ್ ಅದರ ಮುಂದೆ ಮರಿಯೆನ್ನಬೇಕು. ಅದರ ಉದ್ದ ೧೫ ಕಿಲೋಮೀಟರು ಮಾತ್ರ. ಆದರೂ ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ತಾಣಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು.

ಜೂನ್ ತಿಂಗಳಿನ ಒಂದು ಬೆಳಗ್ಗೆ ನಾವು ಓಂದಾಲ್ಸ್‌ನೆಸ್ ಎಂಬ ಊರಿನಿಂದ ಮೋಟಾರಿನಲ್ಲಿ ಹೊರಟೆವು. ನಾವಿಬ್ಬರು, ಮಗಳು, ಅಳಿಯಂದಿರು, ಆರು ವರ್ಷದ ಮೊಮ್ಮಗ — ಹೀಗೆ ಐವರು. ಬುತ್ತಿಯ ಚೀಲದಲ್ಲಿ ಪುಳಿಯೋಗರೆಯೂ ಚಟ್ಣಿಪುಡಿಯೂ ಇದ್ದುವು. ಮಳೆ ಹನಿಯುತ್ತಿತ್ತು. ಊರು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಣಿವೆಯು ಕಿರಿದಾಗಿ, ಮುಂದೆ ದಾರಿಯೇ ಇಲ್ಲವೆಂಬಂತೆ ಕಲ್ಲುಗೋಡೆಯೊಂದು ಅಡ್ಡಲಾಗಿ ನಿಂತಿತು. “ಇನ್ನು ಎತ್ತ ಹೋಗುವುದು?” ಎಂದು ನಮ್ಮ ಮನೆಯವರು ಕೇಳಿದರು. “ಮೇಲಕ್ಕೆ ಅತ್ತೆಯವರೇ,” ಎಂದರು ಅಳಿಯಂದಿರು. ಕತ್ತೆತ್ತಿ ನೋಡಿದರೆ ಆ ಗೋಡೆಯ ಮೈಮೇಲೆ ದಾರವನ್ನು ಎಳೆದೆಳೆದು ಮಡಿಸಿಟ್ಟಂತೆ ರಸ್ತೆ ಕಾಣಿಸಿತು.

ಇದಕ್ಕೆ ಟ್ರೋಲ್‌ಸ್ಟಿಗೆನ್ ಎಂದು ಹೆಸರು. ಟ್ರೋಲ್ ಎಂದರೆ ಅಲ್ಲಿಯ ಜನಪದ ಕಥೆಗಳಲ್ಲಿ ಬರುವ ಬೆಟ್ಟದ ರಾಕ್ಷಸ. ರಾತ್ರಿ ಮಾತ್ರ ಸಂಚರಿಸುವ ಇವನು ಬಿಸಿಲು ತಗುಲಿದರೆ ಕಲ್ಲಾಗುತ್ತಾನಂತೆ. ರಸ್ತೆಯು ಆ ರಾಕ್ಷಸರ ಏಣಿ. ಎಂಟು ವರ್ಷಗಳ ದುಡಿಮೆಯಿಂದ ಮುಗಿದ ಈ ದಾರಿಯನ್ನು ೧೯೩೬ನೆಯ ಜುಲೈ ೩೧ರಂದು ಏಳನೆಯ ಹೋಕನ್ ದೊರೆ ತೆರೆದನು. ಇದರಲ್ಲಿ ಹನ್ನೊಂದು ಕೊಡಿತಿರುವುಗಳಿವೆ. ನಮ್ಮ ಆಗುಂಬೆ ಘಾಟಿಯನ್ನು ಹತ್ತಿದವರಿಗೆ ತಿರುವುಗಳು ಹೊಸತಲ್ಲ. ಆದರೆ ಆಗುಂಬೆಯಲ್ಲಿ ಕಾಡು ನಮ್ಮ ಕಣ್ಣಿನಿಂದ ಪ್ರಪಾತವನ್ನು ಮರೆಮಾಡುತ್ತದೆ. ಇಲ್ಲಿ ಆ ಉಪಕಾರವಿಲ್ಲ. ಬೋಳು ಬಂಡೆ, ಮೊಣಕಾಲೆತ್ತರದ ಕಲ್ಲುಕಟ್ಟೆ, ಅದರಾಚೆಗೆ ಆಕಾಶ. ನಡುವೆ ಸ್ಟಿಗ್‌ಫೊಸ್ಸೆನ್ ಎಂಬ ಜಲಪಾತವು ರಸ್ತೆಯ ಸೇತುವೆಯ ಕೆಳಗೆ ಹಾದು ಬೀಳುತ್ತದೆ. ಅದರ ತುಂತುರು ಮೋಟಾರಿನ ಗಾಜಿಗೆ ಬಡಿಯಿತು. ಏಳನೆಯ ತಿರುವಿನಲ್ಲಿ ಇದಿರಿಗೆ ದೊಡ್ಡದೊಂದು ಬಸ್ಸು ಬಂದು, ಅಳಿಯಂದಿರು ಹಿಂದಕ್ಕೆ ಸರಿಯಬೇಕಾಯಿತು. ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಚಳಿಗಾಲದುದ್ದಕ್ಕೂ ಈ ದಾರಿ ಹಿಮದಿಂದ ಮುಚ್ಚಿರುತ್ತದೆ. ಬೇಸಗೆಯಲ್ಲಿಯೂ ಕಲ್ಲು ಉರುಳಿ ಮುಚ್ಚುವುದುಂಟು.

ನೆತ್ತಿಯನ್ನು ಸೇರಿದಾಗ ಮಳೆ ನಿಂತಿತ್ತು. ರಸ್ತೆಯ ಪಕ್ಕದಲ್ಲಿ ಜೂನ್ ತಿಂಗಳಿನಲ್ಲಿಯೂ ಕರಗದ ಹಿಮದ ರಾಶಿಗಳನ್ನು ಕಂಡು ಮಗುವಿಗೆ ಹಿಡಿಸಲಾರದ ಸಂತೋಷ. ಅಲ್ಲಿಂದಾಚೆಗೆ ಇಳಿಜಾರು, ಇಳಿಯುತ್ತ ಹೋದಂತೆ ಹುಲ್ಲು, ಬರ್ಚ್ ಮರಗಳು, ಹೊಲಮನೆಗಳು ಬಂದು, ವಾಲ್ಡಾಲ್ ಎಂಬ ಹಸುರು ಕಣಿವೆ ದೊರೆಯಿತು. ಇದು ಸ್ಟ್ರಾಬೆರಿ ಹಣ್ಣಿಗೆ ಹೆಸರಾದ ಊರು. ನಾವು ಹೋದಾಗ ಹಣ್ಣಿನ್ನೂ ಕಾಯಾಗಿತ್ತು.

ಲಿಂಗೆ ಎಂಬಲ್ಲಿ ರಸ್ತೆಯು ನೀರಿಗೆ ಬಂದು ಮುಗಿಯುತ್ತದೆ. ಮೋಟಾರುಗಳನ್ನು ಹೊತ್ತು ದಾಟಿಸುವ ಕಡವಿನ ಹಡಗು ಅಲ್ಲಿಂದ ಎದುರು ದಡದ ಐಡ್ಸ್‌ಡಾಲಿಗೆ ಹೋಗುತ್ತದೆ. ಹತ್ತೇ ನಿಮಿಷದ ದಾಟು. ನೀರು ಎಣ್ಣೆಯಂತೆ ನಿಶ್ಚಲವಾಗಿತ್ತು. ಎಡಗಡೆಯಲ್ಲಿ ಫ್ಯೋರ್ಡಿನ ಒಳತುದಿ ಬೆಟ್ಟಗಳ ಹಿಂದೆ ತಿರುಗಿ ಮರೆಯಾಗುತ್ತಿತ್ತು. ಆ ಮರೆಯಲ್ಲಿರುವುದು ಟಾಫ್ಯೋರ್ಡ್.

೧೯೩೪ನೆಯ ಏಪ್ರಿಲ್ ೭ರ ಬೆಳಗಿನ ಜಾವ, ಊರೆಲ್ಲ ಮಲಗಿರುವಾಗ, ಅಲ್ಲಿಯ ಬೆಟ್ಟದ ಒಂದು ಭಾಗ ಸುಮಾರು ೭೦೦ ಮೀಟರು ಎತ್ತರದಿಂದ ಕಳಚಿಕೊಂಡು ನೀರಿಗೆ ಬಿದ್ದಿತು. ಬಿದ್ದ ಕಲ್ಲು ಇಪ್ಪತ್ತು ಲಕ್ಷ ಘನ ಮೀಟರಿಗೆ ಕಡಮೆಯಿಲ್ಲವೆಂದು ಲೆಕ್ಕ. ಬಿದ್ದ ಸ್ಥಳದ ಬಳಿಯಲ್ಲಿ ನೀರು ೬೦ ಮೀಟರಿಗೂ ಮಿಕ್ಕಿ ಮೇಲೆದ್ದಿತು. ಅಗಲವಾದ ಕಡಲಿನಲ್ಲಿ ಅಲೆಯು ಹರಡಿ ಶಾಂತವಾದೀತು. ಈ ಕಿರಿದಾದ ಕಲ್ಲುತೊಟ್ಟಿಯಲ್ಲಿ ಅದು ಹೋಗುವುದೆಲ್ಲಿಗೆ? ಟಾಫ್ಯೋರ್ಡ್, ಫ್ಯೋರೊ ಎಂಬೆರಡು ಹಳ್ಳಿಗಳ ಮೇಲೆ ಹಾದು ೪೦ ಮಂದಿಯನ್ನು ಕೊಂಡೊಯ್ದಿತು. ಮುನ್ಸೂಚನೆ ಕೊಡುವ ಸಾಧನವೊಂದೂ ಅಂದು ಇರಲಿಲ್ಲ. ಹತ್ತಿರದ ಲೋಯೆನ್ ಸರೋವರದಲ್ಲಿ ೧೯೦೫ರಲ್ಲಿಯೂ ೧೯೩೬ರಲ್ಲಿಯೂ ಇಂಥದೇ ಅನಾಹುತ ನಡೆಯಿತು. ಅಳಿಯಂದಿರು ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಹಡಗು ದಡ ಮುಟ್ಟಿತು. ನಮ್ಮ ಮನೆಯವರು ಬಹಳ ಹೊತ್ತು ಆ ನೀರನ್ನೇ ನೋಡುತ್ತಿದ್ದರು.

ಐಡ್ಸ್‌ಡಾಲಿನಿಂದ ಮತ್ತೆ ಏರಿ, ಮತ್ತೊಂದು ಹನ್ನೊಂದು ತಿರುವುಗಳ ರಸ್ತೆಯಲ್ಲಿ ಇಳಿಯಬೇಕು. ಇದರ ಹೆಸರು ಹದ್ದಿನ ದಾರಿ. ಹದ್ದುಗಳು ಗೂಡು ಕಟ್ಟುತ್ತಿದ್ದ ಎತ್ತರವಾದುದರಿಂದ ಹಾಗೆ ಕರೆದರಂತೆ. ೧೯೫೫ರಲ್ಲಿ ಇದು ಆಗುವವರೆಗೆ, ಚಳಿಗಾಲದಲ್ಲಿ ಗೈರಾಂಗರ್ ಹಳ್ಳಿಗೆ ಹೊರಗಿನಿಂದ ರಸ್ತೆಯೇ ಇರಲಿಲ್ಲ. ಮೂಡಣದ ಬೆಟ್ಟದಾರಿಯು ಹಿಮದಲ್ಲಿ ಹೂತುಹೋಗುತ್ತಿತ್ತು. ಮೇಲಿನ ಕಡೆಯ ತಿರುವಿನಲ್ಲಿ ನೋಡುವವರಿಗಾಗಿ ಒಂದು ಜಗಲಿಯನ್ನು ಕಟ್ಟಿದ್ದಾರೆ. ಅಲ್ಲಿ ನಿಂತಾಗ ಗೈರಾಂಗರ್ ಫ್ಯೋರ್ಡು ಮೊದಲ ಬಾರಿಗೆ ಕಂಡಿತು. ಕೆಳಗೆ, ಬಹು ಕೆಳಗೆ, ಪಚ್ಚೆಯೂ ನೀಲಿಯೂ ಬೆರೆತ ನೀರಿನ ಒಂದು ಓಣಿ. ಎರಡು ಕಡೆಯೂ ಕಪ್ಪು ಬೆಟ್ಟ. ಬೆಟ್ಟದ ನೆತ್ತಿಯಲ್ಲಿ ಹಿಮ. ನೀರಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿಯದೊಂದು ತೇಲುತ್ತಿತ್ತು. ಅದು ಸಾವಿರಾರು ಜನರನ್ನು ಹೊತ್ತ ವಿಹಾರದ ಹಡಗೆಂದು ದುರ್ಬೀನಿನಲ್ಲಿ ನೋಡಿದ ಮೇಲೆ ತಿಳಿಯಿತು.

ಹಳ್ಳಿಯಲ್ಲಿ ನೂರಾರು ಜನ ಮಾತ್ರ ವಾಸವಾಗಿದ್ದಾರೆ. ಬೇಸಗೆಯಲ್ಲಿ ಬರುವ ಯಾತ್ರಿಕರೋ ಲಕ್ಷಗಟ್ಟಲೆ. ೧೮೪೨ರಲ್ಲಿ ಕಟ್ಟಿದ ಎಂಟು ಮೂಲೆಯ ಬಿಳಿಯ ಮರದ ಇಗರ್ಜಿಯೊಂದು ದಿಣ್ಣೆಯ ಮೇಲೆ ನಿಂತು ನೀರನ್ನು ನೋಡುತ್ತಿದೆ. ಅಂಗಡಿಗಳ ಸಾಲು ನಮಗೆ ಹಿಡಿಸಲಿಲ್ಲ. ಪ್ಲಾಸ್ಟಿಕ್ಕಿನ ಟ್ರೋಲ್ ಬೊಂಬೆಗಳು ಎಲ್ಲಿ ನೋಡಿದರೂ ಹಲ್ಲು ಕಿರಿಯುತ್ತಿದ್ದುವು. ನಾವಿಳಿದ ಮನೆಯ ಒಡತಿ ಅರುವತ್ತು ದಾಟಿದವರು. ಆಡಿನ ಹಾಲಿನಿಂದ ಮಾಡಿದ ಕಂದು ಬಣ್ಣದ ಗಿಣ್ಣನ್ನು ತೆಳ್ಳಗೆ ಸೀಳಿ ರೊಟ್ಟಿಯ ಮೇಲಿಟ್ಟು ಕೊಟ್ಟರು. ನಮ್ಮ ಹಾಲುಕೋವಾಕ್ಕೆ ಉಪ್ಪು ಬೆರಸಿದ ರುಚಿ. ರಾತ್ರಿ ಹತ್ತು ಹೊಡೆದರೂ ಬೆಳಕು ಹಾಗೆಯೇ ಇತ್ತು. ಮಗುವು ನಿದ್ದೆ ಮಾಡಲೊಲ್ಲದು. ನಾವು ಆಕೆಯೊಡನೆ ಅಂಗಳದಲ್ಲಿ ಕುಳಿತು ಟಾಫ್ಯೋರ್ಡಿನ ಮಾತೆತ್ತಿದೆವು. “ಇಲ್ಲಿಯೂ ಒಂದು ಬೆಟ್ಟವಿದೆ, ನಾಳೆ ಹಡಗಿನಿಂದ ನೋಡಿ,” ಎಂದು ಆಕೆ ಹೇಳಿದರು. ಹೇಳಿದ ರೀತಿಯಲ್ಲಿ ಭಯವೂ ಇರಲಿಲ್ಲ, ಧೈರ್ಯದ ಪ್ರದರ್ಶನವೂ ಇರಲಿಲ್ಲ. ನೆರೆಮನೆಯ ಕಾಯಿಲೆಯವರ ವಿಚಾರ ಹೇಳಿದಂತಿತ್ತು. ಆಕೆಯ ಬಾಗಿಲಿನ ಪಕ್ಕದಲ್ಲಿ ಗಟ್ಟಿ ಪಾದರಕ್ಷೆಗಳೂ ಒಂದು ಚೀಲವೂ ಸಿದ್ಧವಾಗಿದ್ದುವು. ಎಚ್ಚರಿಕೆಯ ಶಂಖ ಮೊಳಗಿದರೆ ಇಗರ್ಜಿಗಿಂತಲೂ ಮೇಲಕ್ಕೆ ಹತ್ತಬೇಕೆಂದು ಬೆರಳು ತೋರಿಸಿದರು.

ಮರುದಿನ ಬೆಳಗ್ಗೆ ಹೆಲ್ಲೆಸಿಲ್ಟಿಗೆ ಹೋಗುವ ಹಡಗನ್ನು ಮೋಟಾರಿನೊಡನೆ ಹತ್ತಿದೆವು. ಒಂದು ಗಂಟೆಗೆ ಸ್ವಲ್ಪ ಮೇಲ್ಪಟ್ಟ ಪ್ರಯಾಣ. ಮೇಲಿನ ಅಟ್ಟದಲ್ಲಿ ನಿಂತರೆ ಗಾಳಿ ಕಿವಿ ಕೊರೆಯುತ್ತಿತ್ತು; ನಮ್ಮ ಮನೆಯವರು ಸೀರೆಯ ಮೇಲೆ ಅಳಿಯಂದಿರ ಕೋಟನ್ನು ತೊಟ್ಟು, ಕಂಬಳಿಯನ್ನು ಹೊದ್ದು, ಮೊಮ್ಮಗನ ಪಕ್ಕದಲ್ಲಿ ಕುಳಿತರು. ಬೆಟ್ಟಗಳು ಹತ್ತಿರ ಹತ್ತಿರವಾಗಿ ಬಂದುವು. ನೀರಿನ ಆಳ ಇಲ್ಲಿ ೨೫೦ ಮೀಟರಿಗೂ ಹೆಚ್ಚು. ಆದುದರಿಂದ ಹಡಗು ಬಂಡೆಯ ಹತ್ತಿರ ಹತ್ತಿರಕ್ಕೇ ಹೋಗಬಲ್ಲುದು.

ಬಲಗಡೆಗೆ ಏಳು ಸೋದರಿಯರು ಬಂದರು. ಒಂದೇ ಬಂಡೆಯ ಅಂಚಿನಿಂದ ಏಳು ಧಾರೆಗಳು ಪಕ್ಕಪಕ್ಕದಲ್ಲಿ ಬೀಳುವ ಜಲಪಾತಕ್ಕೆ ಈ ಹೆಸರು. ಅವುಗಳಲ್ಲಿ ಅತ್ಯಂತ ಎತ್ತರದ ಧಾರೆಯ ನೇರ ಬೀಳು ಸುಮಾರು ೨೫೦ ಮೀಟರು. ನಮ್ಮ ಜೋಗದ ಎತ್ತರ ೮೩೦ ಅಡಿಯಷ್ಟೆ, ಲೆಕ್ಕ ಹಾಕಿದರೆ ಎರಡೂ ಬಹುಮಟ್ಟಿಗೆ ಸಮ. ಆದರೆ ಜೋಗದ ಗರ್ಜನೆ ಇಲ್ಲಿಲ್ಲ. ಹಿಮ ಕರಗಿದ ನೀರು ಮಲ್ಲಿಗೆಯ ಮಾಲೆಗಳಂತೆ ಇಳಿದು, ಗಾಳಿಗೆ ಚದರಿ, ಕಡಲನ್ನು ಸದ್ದಿಲ್ಲದೆ ಸೇರುತ್ತದೆ. ಬೇಸಗೆ ಕಳೆಯುತ್ತ ಬಂದಂತೆ ಸೋದರಿಯರಲ್ಲಿ ಕೆಲವರು ಕಾಣೆಯಾಗುವುದುಂಟು. ಎದುರು ದಡದಲ್ಲಿ ಒಂಟಿಯಾಗಿ ಬೀಳುವ ಇನ್ನೊಂದು ಜಲಪಾತಕ್ಕೆ ವರ ಎಂದು ಹೆಸರು. ಏಳು ಮಂದಿಯಲ್ಲಿ ಒಬ್ಬಳನ್ನಾದರೂ ಒಪ್ಪಿಸಲಾರದೆ ಅವನು ಹಾಗೆಯೇ ನಿಂತಿದ್ದಾನಂತೆ.

ಹಡಗಿನಲ್ಲಿದ್ದವರೆಲ್ಲ ಜಲಪಾತದ ಚಿತ್ರ ತೆಗೆಯುತ್ತಿರಲು, ನಮ್ಮ ಮಗಳು ಎಡಗಡೆಯ ಬಂಡೆಯ ಮೇಲೆ ಬೆರಳಿಟ್ಟು ತೋರಿಸಿದಳು. ನೀರಿನಿಂದ ೨೫೦ ಮೀಟರು ಮೇಲೆ, ಬೆಟ್ಟದ ಕೆನ್ನೆಯಲ್ಲಿ ಒಂದು ಹಸುರು ಚುಕ್ಕೆ. ಅದರ ಮೇಲೆ ಬೆಂಕಿಪೆಟ್ಟಿಗೆಗಳಂತೆ ಎರಡು ಮೂರು ಮನೆಗಳು. ಅದು ಸ್ಕಾಗೆಫ್ಲೊ ಎಂಬ ಒಕ್ಕಲು. ನೂರಾರು ವರ್ಷ ಅಲ್ಲಿ ಸಂಸಾರಗಳು ಬಾಳಿದುವು. ಆಡು ಮೇಯಿಸಿದರು, ಗಿಣ್ಣು ಮಾಡಿದರು, ಹಗ್ಗ ಕಟ್ಟಿಕೊಂಡು ಬಂಡೆಯ ಸಂದಿನ ಹುಲ್ಲನ್ನು ಕೊಯ್ದರು. ಕೊಳ್ಳಬೇಕಾದುದನ್ನು ದೋಣಿಯಲ್ಲಿ ತಂದು, ಬೆನ್ನಿನ ಮೇಲೆ ಹೊತ್ತು ಹತ್ತಿದರು. ದಾರಿಯ ಕಡಿದಾದ ಒಂದೆಡೆ ಏಣಿಯಿತ್ತೆಂದೂ, ಕಂದಾಯದ ಅಧಿಕಾರಿಗಳು ಬರುವುದು ಕಂಡರೆ ಅದನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದರೆಂದೂ ಜನ ಹೇಳುತ್ತಾರೆ. ಅಳಿಯಂದಿರು ಇದನ್ನು ಕೇಳಿ ಬಹಳ ಮೆಚ್ಚಿಕೊಂಡರು.

ಆದರೆ ನಮ್ಮ ಮನೆಯವರ ಪ್ರಶ್ನೆ ಬೇರೆ. “ಮಕ್ಕಳನ್ನು ಏನು ಮಾಡುತ್ತಿದ್ದರು?”

“ಹಗ್ಗದಿಂದ ಕಟ್ಟುತ್ತಿದ್ದರಂತಮ್ಮ,” ಎಂದಳು ಮಗಳು. “ತಾಯಂದಿರು ಹುಲ್ಲು ಕೊಯ್ಯಲು ಹೋಗುವಾಗ, ಅಂಚಿನಿಂದ ಬೀಳದ ಹಾಗೆ.”

ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾವು ನೋಡಿದರೆ, ಕಂಬಳಿಯ ಅಡಿಯಲ್ಲಿ ಅವರ ಎಡಗೈ ಮೊಮ್ಮಗನ ಸೊಂಟಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಹಡಗು ಹತ್ತಿದಂದಿನಿಂದಲೂ ಹಿಡಿದೇ ಇದ್ದರೆಂದು ಮಗು ದೂರಿತು.

ಸೋದರಿಯರ ಪಕ್ಕದಲ್ಲಿ, ಎದುರು ದಡದ ಮೇಲೆ, ಕ್ನೀವ್ಸ್‌ಫ್ಲೊ ಎಂಬ ಇನ್ನೊಂದು ಒಕ್ಕಲಿದೆ. ತಲೆಯ ಮೇಲೆ ತೂಗುತ್ತಿದ್ದ ಬಂಡೆಯು ಬೀಳುವುದೆಂಬ ಭಯದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಅದನ್ನು ಬಿಡಬೇಕಾಯಿತು. ಸ್ಕಾಗೆಫ್ಲೊದವರು ೧೯೧೬ರಲ್ಲಿ ಇಳಿದುಬಂದರು. ಬಿಟ್ಟ ಮನೆಗಳು ಹಾಳಾಗದಂತೆ ೧೯೭೫ರಿಂದ ಸ್ವಯಂಸೇವಕರ ಸಂಘವೊಂದು ಮಾಡುಗಳನ್ನೂ ಕಾಲುದಾರಿಗಳನ್ನೂ ದುರಸ್ತು ಮಾಡಿಸುತ್ತ ಬಂದಿದೆ. ೧೯೯೩ರಲ್ಲಿ ಹೆರಾಲ್ಡ್ ದೊರೆಯೂ ಸೋನ್ಯಾ ರಾಣಿಯೂ ತಮ್ಮ ಮದುವೆಯ ಇಪ್ಪತ್ತೈದನೆಯ ವರ್ಷದ ಸಂಭ್ರಮವನ್ನು ಈ ಸ್ಕಾಗೆಫ್ಲೊದಲ್ಲಿಯೇ ಆಚರಿಸಿಕೊಂಡರು. ಅರಮನೆಯಿದ್ದವರು ಆ ಅಂಗಳವನ್ನು ಆರಿಸಿಕೊಂಡುದು ನಮಗೆ ಹಿತವೆನಿಸಿತು.

ಇನ್ನು ಅರ್ಧ ಗಂಟೆಯಾದ ಮೇಲೆ ಓಣಿ ಮುಗಿದು, ಹಡಗು ಅಗಲವಾದ ಸುನ್ನಿಲ್ವ್ ಫ್ಯೋರ್ಡನ್ನು ಹೊಕ್ಕಿತು. ಇಲ್ಲಿ ಅದು ಎಡಕ್ಕೆ ತಿರುಗಬೇಕು. ತಿರುಗುತ್ತಿರುವಾಗ ಬಡಗಣ ದಿಕ್ಕಿನಲ್ಲಿ, ಎದುರು ದಡದ ಬೆಟ್ಟವೊಂದನ್ನು ನಾವಿಕನೊಬ್ಬನು ನಮಗೆ ತೋರಿಸಿದನು. ಒಡತಿ ಹೇಳಿದ ಬೆಟ್ಟ ಅದೇ, ಓಕ್ನೆಸೆಟ್. ನೋಡಲು ವಿಶೇಷವೇನೂ ಇಲ್ಲ. ಬೂದುಬಣ್ಣದ ಬಂಡೆ, ಅಲ್ಲಲ್ಲಿ ಪೊದೆ. ಆದರೆ ಅದರ ಮೇಲ್ಭಾಗದಲ್ಲಿ ನೂರಾರು ಮೀಟರು ಉದ್ದದ ಬಿರುಕೊಂದು ಬಾಯಿ ಬಿಟ್ಟಿದೆ. ವರ್ಷ ವರ್ಷವೂ ಕೆಲವು ಸೆಂಟಿಮೀಟರುಗಳಷ್ಟು ಅಗಲವಾಗುತ್ತಿದೆ. ಬಿದ್ದರೆ ಟಾಫ್ಯೋರ್ಡಿನಲ್ಲಿ ಬಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚು ಕಲ್ಲು ಬಿದ್ದೀತು. ಅಲೆಯು ಹೆಲ್ಲೆಸಿಲ್ಟನ್ನು ಐದು ನಿಮಿಷದಲ್ಲಿ, ಗೈರಾಂಗರನ್ನು ಹತ್ತು ನಿಮಿಷದಲ್ಲಿ ಮುಟ್ಟುವುದೆಂದು ಲೆಕ್ಕ ಹಾಕಿದ್ದಾರೆ. ಆದುದರಿಂದ ಬಂಡೆಯೊಳಗೆ ಕೊಳವೆಗಳನ್ನು ಕೊರೆದು, ರಡಾರ್, ಲೇಸರ್, ಉಪಗ್ರಹಗಳ ನೆರವಿನಿಂದ ಹಗಲಿರುಳೂ ಅದರ ಚಲನೆಯನ್ನು ಅಳೆಯುತ್ತಾರೆ. ಬೀಳುವ ಮುನ್ನ ಚಲನೆ ತೀವ್ರವಾಗುವುದು, ಆಗ ಜನರನ್ನು ಮೇಲಕ್ಕೆ ಸಾಗಿಸಲು ದಿನಗಳಷ್ಟು ಅವಕಾಶ ಸಿಕ್ಕೀತು ಎಂಬುದು ತಿಳಿದವರ ನಂಬಿಕೆ. ಅದು ಯಾವಾಗ ಬೀಳುವುದೆಂದು ಯಾರೂ ಹೇಳಲಾರರು. ೨೦೧೫ರಲ್ಲಿ ಇದನ್ನೇ ಕಥೆಮಾಡಿ ಒಂದು ಚಲನಚಿತ್ರವನ್ನೂ ತೆಗೆದರು.

“ಗೊತ್ತಿದ್ದೂ ಇಲ್ಲಿರುತ್ತಾರಲ್ಲ!” ಎಂದರು ನಮ್ಮ ಮನೆಯವರು. ನಾವು ನಾವಿಕನಿಗೆ ಆ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸಿದೆವು. ಅವನು ಹುಟ್ಟಿದ್ದು ಹೆಲ್ಲೆಸಿಲ್ಟಿನಲ್ಲಂತೆ. ನಕ್ಕು, ತನ್ನ ಮಗಳು ಅಲ್ಲಿಯ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿ ಓದುತ್ತಾಳೆಂದಷ್ಟೇ ಹೇಳಿ, ಹಗ್ಗ ಸರಿಪಡಿಸಲು ಹೋದನು.

ಹೆಲ್ಲೆಸಿಲ್ಟ್ ಚಿಕ್ಕ ಊರು. ಊರಿನ ನಟ್ಟನಡುವೆ ನೊರೆಗರೆಯುತ್ತ ಜಲಪಾತವೊಂದು ಇಳಿದು ಕಡಲಿಗೆ ಬೀಳುತ್ತದೆ. ಅದರ ಸದ್ದಿನಲ್ಲಿ ಮಾತು ಕೇಳಿಸದು. ಮೋಟಾರು ಇಳಿಯುವವರೆಗೆ ನಾವು ದಡದಲ್ಲಿ ಕಲ್ಲಿನ ಮೇಲೆ ಕುಳಿತು ಉಳಿದಿದ್ದ ಪುಳಿಯೋಗರೆಯನ್ನು ಹಂಚಿಕೊಂಡೆವು. ಅಲ್ಲಿಯ ನಾಲ್ಕಾರು ಮಕ್ಕಳು ನೀರಿನ ಅಂಚಿನಲ್ಲಿ ಚಪ್ಪಟೆ ಕಲ್ಲುಗಳನ್ನು ಎಸೆದು ನೀರಿನ ಮೇಲೆ ಕುಪ್ಪಳಿಸುವಂತೆ ಮಾಡುತ್ತಿದ್ದರು. ನಮ್ಮ ಮಗುವೂ ಹೋಗಬೇಕೆಂದು ಹಟ ಹಿಡಿಯಿತು. ನಮ್ಮ ಮನೆಯವರು ಒಮ್ಮೆ ಬಡಗಣ ಬೆಟ್ಟಗಳ ಕಡೆಗೆ ನೋಡಿ, ಸೊಂಟಪಟ್ಟಿಯಿಂದ ಕೈ ತೆಗೆದು, “ಹೋಗು, ಪಾದರಕ್ಷೆ ನೆನೆಸಿಕೊಳ್ಳಬೇಡ,” ಎಂದರು.