ಹೊಟ್ಟೆಗೆ ಹಾಕಿಕೊಂಡ ಮಾತು

"ಏನೂ ಇಲ್ಲವಂತೆ!" ವೈದ್ಯರಲ್ಲಿಗೆ ಹೋಗಿ ಬಂದವನ ಮನೆಯಲ್ಲಿ ಇದಕ್ಕಿಂತ ಸಿಹಿಯಾದ ವಾರ್ತೆ ಬೇರೊಂದಿರದು. ಆದರೆ ವರ್ಷವಿಡೀ ಹೊಟ್ಟೆ ಹಿಡಿದುಕೊಂಡು ನರಳಿದವನಿಗೆ ಆ ಮಾತಿನಿಂದ ಸಮಾಧಾನಕ್ಕಿಂತ ಅವಮಾನವೇ ಹೆಚ್ಚು. ರಕ್ತಪರೀಕ್ಷೆಯಲ್ಲಿ ದೋಷವಿಲ್ಲ, ಸ್ಕ್ಯಾನಿನಲ್ಲಿ ದೋಷವಿಲ್ಲ. ನೋವು ಮಾತ್ರ ಉಂಟು. "ಎಲ್ಲ ನಿಮ್ಮ ಮನಸ್ಸಿನದು" ಎಂದು ನೆಂಟರು ತೀರ್ಪು ಕೊಟ್ಟೇಬಿಡುತ್ತಾರೆ.

ವಿಜಯನಗರದಿಂದ ಮೆಜೆಸ್ಟಿಕ್ಕಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ಆ ದಿನಗಳಲ್ಲಿ, ದಾರಿಯ ದೇವಸ್ಥಾನಗಳಿಗಿಂತ ಶೌಚಾಲಯಗಳೇ ನನಗೆ ಹೆಚ್ಚು ಪರಿಚಿತವಾಗಿದ್ದವು. ಮದುವೆಯೂಟಗಳನ್ನಂತೂ ಬಿಟ್ಟೇಬಿಟ್ಟಿದ್ದೆ.

ಕೊನೆಗೆ ಒಬ್ಬ ವೈದ್ಯರು ಇದಕ್ಕೆ ಇರಿಟಬಲ್ ಬವೆಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಕೆರಳುವ ಕರುಳಿನ ಬೇನೆ ಎನ್ನೋಣ. ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳಿವೆಯಂತೆ. ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ 90ರಷ್ಟು ಇರುವುದು ಅಲ್ಲಿಯೇ. ಮಿದುಳಿಗೂ ಕರುಳಿಗೂ ವೇಗಸ್ ನರದ ಮೂಲಕ ಹಗಲಿರುಳು ಮಾತುಕತೆ ನಡೆದಿರುತ್ತದೆ. ಚಿಂತೆ ಹೆಚ್ಚಿದಾಗ ಕರುಳಿನ ಚಲನೆ ಏರುಪೇರಾಗುತ್ತದೆ. ಇತರರ ಅರಿವಿಗೇ ಬಾರದ ವಾಯು ಈ ರೋಗಿಗೆ ಶೂಲೆಯಾಗುತ್ತದೆ. ಕರುಳಿನ ಕಾಟವೂ ಮನಸ್ಸನ್ನು ಕೆಡಿಸದೆ ಬಿಡದು. ಹಾಗಾದರೆ ಮನಸ್ಸಿನ ಪಾತ್ರವಿದೆಯೆಂದ ಮಾತ್ರಕ್ಕೆ ನೋವು ಸುಳ್ಳಾದೀತೆ?

ಆಹಾರದ ಜೊತೆಗೆ ಆಯಾ ದಿನದ ಘಟನೆಯನ್ನೂ ಬರೆದಿಡಿ ಎಂದರು ವೈದ್ಯರು. ಬರೆದೆ. ಅವರೆಕಾಳಿನ ಉಪ್ಪಿಟ್ಟು ಹೊಟ್ಟೆಯುಬ್ಬರ ತಂದದ್ದು ನಿಜ. ಆದರೆ ನಿಜವಾದ ಸಂಕಟವೆಲ್ಲ, ರಾಜಾಜಿನಗರದ ಮನೆಯ ಪಾಲಿನ ವಿಷಯವಾಗಿ ಅಣ್ಣನ ಫೋನು ಬಂದ ದಿನಗಳಲ್ಲಿಯೇ ಇತ್ತು! "ಹಿರಿಯವನು, ಹೊಟ್ಟೆಗೆ ಹಾಕಿಕೋ" ಎನ್ನುತ್ತಿದ್ದರು ಅಮ್ಮ. ಹಾಕಿಕೊಂಡಿದ್ದೆ. ಹೊಟ್ಟೆಯುರಿ, ಹೊಟ್ಟೆಕಿಚ್ಚು, ಕರುಳು ಚುರ್ ಎನ್ನುವುದು ಇವನ್ನೆಲ್ಲ ಕಂಡುಕೊಂಡ ನಮ್ಮ ಹಿರಿಯರು ಯಾವ ವೈದ್ಯಶಾಲೆಯಲ್ಲಿ ಓದಿದ್ದರೋ ಕಾಣೆ.

ಹಾಗೆಂದು ಎಲ್ಲ ಹೊಟ್ಟೆನೋವನ್ನೂ ಚಿಂತೆಯ ತಲೆಗೆ ಕಟ್ಟಲಾಗದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಇವು ಕಂಡರೆ ತಡಮಾಡದೆ ಪರೀಕ್ಷೆಯಾಗಬೇಕು. ನನಗೆ ಔಷಧಿ, ಹೊತ್ತಿಗೆ ಸರಿಯಾದ ಊಟ, ಸಂಜೆಯ ನಡಿಗೆ, ಜೊತೆಗೆ ಮನಶ್ಶಾಸ್ತ್ರಜ್ಞರೊಬ್ಬರೊಡನೆ ಕೆಲವು ವಾರಗಳ ಮಾತುಕತೆ ಇಷ್ಟರಿಂದ ಗುಣ ಕಂಡಿತು. ಆ ಕೊನೆಯದಕ್ಕೆ ಹೋಗಲು ನಮ್ಮವರಿಗೆ ಏಕಿಷ್ಟು ಸಂಕೋಚವೋ!

ಕಳೆದ ಯುಗಾದಿಯ ಮಾರನೆಯ ದಿನ ನಾನೇ ಅಣ್ಣನಿಗೆ ಫೋನು ಮಾಡಿ, ಪಾಲಿನ ಮಾತನ್ನು ಇಬ್ಬರೇ ಕುಳಿತು ಆಡೋಣವೆಂದೆ. ಪಾಲುಪತ್ರ ಇನ್ನೂ ನೋಂದಣಿಯಾಗಿಲ್ಲ. ನೋವೂ ಪೂರ್ತಿ ಹೋಗಿಲ್ಲ. ಆದರೆ ಮೊನ್ನೆ ಕೆಂಗೇರಿಯಲ್ಲಿ ತಂಗಿಯ ಮಗನ ಮದುವೆಗೆ ಮೆಟ್ರೋದಲ್ಲಿ ಹೋಗಿ, ಅಣ್ಣನ ಪಕ್ಕದಲ್ಲೇ ಎಲೆಯ ಮುಂದೆ ಕುಳಿತು, ಒಂದು ಒಬ್ಬಟ್ಟು ತಿಂದು ಬಂದೆ.