ಪ್ಲೇಟಿನ ಮೇಲಿಲ್ಲದ ಹೆಸರುಗಳು

ಎಂಬತ್ತರ ದಶಕದಲ್ಲಿ ಡೊಂಬಿವಲಿ ಸ್ಟೇಷನ್ ಹತ್ತಿರದ ಕ್ಯಾಸೆಟ್ ಅಂಗಡಿಗಳಿಗೆ ಹಾಡು ತುಂಬಿಸಿಕೊಡುವುದೇ ದೊಡ್ಡ ವ್ಯಾಪಾರ. ಬೆಳಿಗ್ಗೆ ಚೀಟಿ ಕೊಟ್ಟು ಹೋದ ಗಿರಾಕಿ ಸಂಜೆ ಲೋಕಲ್ ಇಳಿದು ಬರುವಷ್ಟರಲ್ಲಿ ಕ್ಯಾಸೆಟ್ ಸಿದ್ಧವಿರಬೇಕು. ಉಡುಪಿ ಕಡೆಯಿಂದ ಬಂದ ಹೊಸತರಲ್ಲಿ ನಾನು ಅಂಥ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ.

ಕಲ್ಯಾಣದ ರೈಲ್ವೆ ಕಾಲೊನಿಯಿಂದ ನಿವೃತ್ತ ಗಾರ್ಡ್ ಒಬ್ಬರು 78ರ ಪ್ಲೇಟುಗಳನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಎಲ್ಲವೂ ಹಳೆಯ ಡ್ಯಾನ್ಸ್ ಬ್ಯಾಂಡುಗಳದ್ದು. ಆ ಪ್ಲೇಟು ಅರಗಿನದ್ದು, ಸ್ಪಿರಿಟ್ ತಾಗಿದರೆ ಹಾಳು. ತೆಳು ಸೋಪಿನ ನೀರಲ್ಲಿ ಒರೆಸಬೇಕು ಎಂದು ಕಲಿಸಿದ್ದು ಅವರೇ. ಎಲ್‌ಪಿಯ ಸಪೂರ ಸೂಜಿ ಅದರ ಅಗಲ ಗೀರಿನ ತಳ ಕೆರೆದು ಗರಗರ ಎನ್ನುತ್ತಿತ್ತು. ದಪ್ಪ ಸೂಜಿ ಹಾಕಿದೊಡನೆ ಟ್ರಂಪೆಟ್ ಮೇಲೆದ್ದು ಬರುತ್ತಿತ್ತು. ಒಂದೊಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. 60 ನಿಮಿಷದ ಕ್ಯಾಸೆಟ್ಟಿಗೆ ಸರಿಯಾಗಿ 20 ಹಿಡಿಯುತ್ತಿದ್ದವು.

ಲೇಬಲ್ಲಿನ ಮೇಲೆ ಬ್ಯಾಂಡಿನ ಹೆಸರು, ಕೆಳಗೆ ‘ಫಾಕ್ಸ್‌ಟ್ರಾಟ್’ ಎಂದಷ್ಟೇ. “ನುಡಿಸಿದವರು ಯಾರು ಅಂಕಲ್?” ಎಂದು ಕೇಳಿದರೆ ಅವರಿಗೆ ರೈಲು ಹೊರಡುವ ಹೊತ್ತೂ ಮರೆತುಹೋಗುತ್ತಿತ್ತು. 1935ರಲ್ಲಿ ಲಿಯಾನ್ ಆ್ಯಬಿ ಆಫ್ರಿಕನ್ ಅಮೆರಿಕನ್ ವಾದಕರ ತಂಡವನ್ನು ಮುಂಬಯಿಯ ತಾಜ್ ಹೋಟೆಲಿಗೆ ಕರೆತಂದದ್ದು, ಪಿಯಾನೊದ ಟೆಡ್ಡಿ ವೆದರ್‌ಫರ್ಡ್, ತಾಜ್‌ನಲ್ಲಿ ವರ್ಷಗಟ್ಟಲೆ ಬ್ಯಾಂಡ್ ನಡೆಸಿದ ಮಿಕ್ಕಿ ಕೊರಿಯಾ. ಎಲ್ಲರಿಗಿಂತ ಹೆಚ್ಚಾಗಿ ಗೋವೆಯ ಚಿಕ್ ಚಾಕೊಲೇಟ್, ಅಂದರೆ ಆಂಟೋನಿಯೊ ಜೇವಿಯರ್ ವಾಜ್.

1951ರ ‘ಅಲ್ಬೇಲಾ’ದ ಕ್ಯಾಸೆಟ್ ನಮ್ಮಲ್ಲಿ ಚೆನ್ನಾಗಿ ಖರ್ಚಾಗುತ್ತಿತ್ತು. ಡಬ್ಬಿಯೊಳಗಿನ ಕಾಗದದಲ್ಲಿ ಸಿ. ರಾಮಚಂದ್ರರ ಹೆಸರಿತ್ತು, ಲತಾ ಹೆಸರಿತ್ತು. ತಂಡದ ಸಮೇತ ತೆರೆಯ ಮೇಲೂ ಕಾಣಿಸಿಕೊಂಡ ಚಿಕ್ ಚಾಕೊಲೇಟ್ ಮಾತ್ರ ಇರಲಿಲ್ಲ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ ಅಂಕಲ್ ಅದನ್ನು ಗಲ್ಲಾದ ಮೇಲೆ ಕುಕ್ಕಿದರು. ಅವರ ಸಿಟ್ಟು ನ್ಯಾಯದ್ದೆಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಸಿ.ಡಿ. ಬಂತು, ತುಂಬಿಸುವ ಕೆಲಸ ನಿಂತಿತು. ಲೂಯಿ ಆರ್ಮ್‌ಸ್ಟ್ರಾಂಗ್ 1925ರಲ್ಲಿ ಶಿಕಾಗೊದಲ್ಲಿ ನುಡಿಸಿದ್ದು ಮತ್ತೆ ಹೊರಬಂದಾಗ, ಜೊತೆಗಿದ್ದ ಪುಸ್ತಿಕೆಯಲ್ಲಿ ಟ್ರಾಂಬೋನ್ ಕಿಡ್ ಓರಿ, ಬ್ಯಾಂಜೊ ಜಾನಿ ಸೇಂಟ್ ಸಿರ್ ಎಂದು ತಾರೀಖಿನ ಸಮೇತ ಇತ್ತು. ಓದಿ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಕೆಲವು ಮರುಮುದ್ರಣಗಳು ಗರಗರ ತೆಗೆಯುವ ಭರದಲ್ಲಿ ಟ್ರಂಪೆಟ್ಟಿನ ಮೊನೆಯನ್ನೂ ಸವೆಸಿಬಿಡುತ್ತವೆ. ಆದರೂ ಹೆಸರು ಕೊಟ್ಟವರಿಗೆ ನಾನು ಅದನ್ನು ಮನ್ನಿಸುತ್ತೇನೆ.

ನಮ್ಮ ಮುಂಬಯಿಯವರ ಸರದಿ ಬಂದದ್ದು 2012ರಲ್ಲಿ, ನರೇಶ್ ಫರ್ನಾಂಡಿಸ್ ಅವರ ‘ತಾಜ್ ಮಹಲ್ ಫಾಕ್ಸ್‌ಟ್ರಾಟ್’ ಪುಸ್ತಕದಿಂದ. ಜೊತೆಗೊಂದು ಸಿ.ಡಿ. ಠಾಣೆಯಿಂದ ಡೊಂಬಿವಲಿಗೆ ನಿಂತುಕೊಂಡೇ ಓದಿದೆ. ಅಂಕಲ್ ಬಾಯಲ್ಲಿ ಕೇಳಿದ್ದ ಹೆಸರುಗಳು ಅಚ್ಚಿನಲ್ಲಿದ್ದವು. ಚಿಕ್ ಚಾಕೊಲೇಟ್ ತೀರಿಕೊಂಡು ಆಗ 45 ವರ್ಷವಾಗಿತ್ತು.